ಪಿಕಪ್ ವಾಹನಗಳಿಗೆ ಸುರಕ್ಷಿತ ಎಳೆಕೊಂಡಿ: ಬಳಸುವವರೂ ತಯಾರಿಸುವವರೂ ತಿಳಿದಿರಬೇಕಾದ ಸಂಗತಿಗಳು

ಮಲೆನಾಡಿನ ಕಾಫಿ ಮತ್ತು ಅಡಿಕೆ ತೋಟಗಳು, ಕಲ್ಲು ಕ್ವಾರಿಗಳು, ಇಟ್ಟಿಗೆ ಗೂಡುಗಳು, ರಸ್ತೆ ಕಾಮಗಾರಿಯ ಸ್ಥಳಗಳು ಮೊದಲಾದವುಗಳೊಂದಿಗೆ ವ್ಯವಹಾರ ಇಟ್ಟುಕೊಂಡಿರುವ ವರ್ತಕರ ಪಿಕಪ್ ವಾಹನಗಳು ಮಳೆಗಾಲದಲ್ಲಿ ಡಾಂಬರು ರಸ್ತೆಯಿಂದ ಇಳಿದೊಡನೆ ಕೆಸರಿನಲ್ಲಿ ಹೂತುಕೊಳ್ಳುವುದು ಹೊಸ ಸಂಗತಿಯಲ್ಲ. ಹತ್ತಿರದ ತೋಟದಿಂದ ಟ್ರ್ಯಾಕ್ಟರ್ ತರಿಸಿ, ಕೈಗೆ ಸಿಕ್ಕಿದ ಸರಪಳಿಯನ್ನು ಕಣ್ಣಿಗೆ ಬಿದ್ದ ಕೊಕ್ಕೆಗೆ ಬಿಗಿದು, ಒಮ್ಮೆ ಜಗ್ಗಿಸಿ ಎಳೆದರೆ ಬಹುಪಾಲು ಸಲ ವಾಹನ ಹೊರಗೆ ಬರುತ್ತದೆ. ಬಾರದೆ ಕೊಕ್ಕೆಯೇ ಕಿತ್ತು ಬಂದ ದಿನ ಮಾತ್ರ ಅದು ಯಾವ ಕೊಕ್ಕೆ, ಯಾರು ಹಾಕಿದ್ದು, ಎಷ್ಟು ಭಾರಕ್ಕೆಂದು ಹಾಕಿದ್ದು ಎಂಬ ಪ್ರಶ್ನೆಗಳು ಏಳುತ್ತವೆ. ಆ ಹೊತ್ತಿಗೆ ಉತ್ತರಿಸಬೇಕಾದವರು ವಾಹನದ ಮಾಲೀಕರು ಮಾತ್ರವಲ್ಲ. ಕೊಕ್ಕೆಯನ್ನು ತಯಾರಿಸಿದ ಸಣ್ಣ ಕಾರ್ಖಾನೆಯವರೂ ಮಾರಿದ ಬಿಡಿಭಾಗದ ವರ್ತಕರೂ ಆ ಸಾಲಿನಲ್ಲಿ ನಿಲ್ಲುತ್ತಾರೆ. ಆದ್ದರಿಂದ ಈ ವಿಷಯವನ್ನು ತಂತ್ರಜ್ಞಾನ, ಕಾನೂನು, ಲೆಕ್ಕಪತ್ರ ಈ ಮೂರೂ ಕಡೆಯಿಂದ ನೋಡುವುದು ಅಗತ್ಯ.

ಕಾರ್ಖಾನೆಯಿಂದ ಬಂದ ಕೊಕ್ಕೆ ಯಾವ ಕೆಲಸಕ್ಕೆ?

ಹೊಸ ಪಿಕಪ್ಪಿನ ಮುಂಭಾಗದಲ್ಲಿ, ಬಂಪರಿನ ಕೆಳಗೆ ಬಗ್ಗಿ ನೋಡಿದರೆ ಒಂದೆರಡು ಬಳೆಗಳೋ ಕೊಕ್ಕೆಗಳೋ ಕಾಣುತ್ತವೆ. ಎಲ್ಲವನ್ನೂ 'ಟೋ ಹುಕ್' ಎಂದೇ ಕರೆಯುವ ರೂಢಿ ಬಂದುಬಿಟ್ಟಿದೆ. ವಾಸ್ತವದಲ್ಲಿ ಇವು ಬೇರೆ ಬೇರೆ ಕೆಲಸಕ್ಕೆ ಹುಟ್ಟಿದವು. ಮೊದಲನೆಯದು, ವಾಹನವನ್ನು ಹಡಗು ಅಥವಾ ಲಾರಿಯ ಮೇಲೆ ಸಾಗಿಸುವಾಗ ಅಲುಗಾಡದಂತೆ ಕೆಳಮುಖವಾಗಿ ಬಿಗಿದು ಕಟ್ಟಲು ಇರುವ ಬಳೆ. ಎಷ್ಟೋ ವಾಹನಗಳಲ್ಲಿ ಇದು ತೆಳು ತಗಡನ್ನು ಬಗ್ಗಿಸಿ ಬೆಸೆದ ಭಾಗ. ಎರಡನೆಯದು, ಕೆಟ್ಟು ನಿಂತ ವಾಹನವನ್ನು ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಎಳೆದೊಯ್ಯಲು ಇರುವ ಕಣ್ಣು. ಬಂಪರಿನ ಮುಚ್ಚಳ ತೆಗೆದು ತಿರುಗಿಸಿ ಕೂರಿಸುವ ಕಣ್ಣೂ ಇದೇ ಜಾತಿಯದು. ಮೂರನೆಯದು, ಹೂತ ವಾಹನವನ್ನು ಕಿತ್ತು ತೆಗೆಯಲೆಂದೇ ಚಾಸಿಗೆ ಬಿಗಿದ ಗಟ್ಟಿ ಕೊಂಡಿ. ಇದನ್ನೇ 'ರಿಕವರಿ ಪಾಯಿಂಟ್' ಎನ್ನುವುದು. ಈ ಲೇಖನದಲ್ಲಿ ಎಳೆಕೊಂಡಿ ಎಂದರೆ ಈ ಮೂರನೆಯದು ಮಾತ್ರ.

ಎರಡನೆಯ ಬಗೆಗೂ ಮೂರನೆಯ ಬಗೆಗೂ ಇರುವ ಅಂತರವನ್ನು ಒಂದು ಅಂಕಿ ಸ್ಪಷ್ಟಪಡಿಸುತ್ತದೆ. ಯೂರೋಪಿಯನ್ ಒಕ್ಕೂಟದ 2010ರ ನಿಯಮವೊಂದು ವಾಹನದ ಎಳೆಯುವ ಕಣ್ಣು ಆ ವಾಹನದ ಗರಿಷ್ಠ ಒಟ್ಟು ತೂಕದ ಕನಿಷ್ಠ ಅರ್ಧದಷ್ಟು ಸ್ಥಿರ ಬಲವನ್ನು ತಾಳಬೇಕೆಂದು ಹೇಳಿತು. ಸರಕು ಸೇರಿ 3,000 ಕಿಲೋ ತೂಗುವ ಪಿಕಪ್ಪಿಗೆ ಇದು 1,500 ಕಿಲೋ ಆಯಿತು. ರಸ್ತೆಯ ಮೇಲೆ ಉರುಳುವ ವಾಹನಕ್ಕೆ ಇದು ಧಾರಾಳವಾಗಿ ಸಾಕು. ಕೆಸರಿನಿಂದ ಕೀಳುವುದಕ್ಕೆ ಏಕೆ ಸಾಲದು ಎಂಬುದು ಮುಂದಿನ ಲೆಕ್ಕದಿಂದ ತಿಳಿಯುತ್ತದೆ.

ಇನ್ನು ಹಿಂಬದಿಯಲ್ಲಿ ಟ್ರೈಲರ್ ಸಿಕ್ಕಿಸುವ ಉಕ್ಕಿನ ಗುಂಡು. ಗಟ್ಟಿಯಾಗಿ ಕಾಣುವ ಈ ಗುಂಡಿಗೆ ಪಟ್ಟಿ ಸುತ್ತಿ ಜಗ್ಗುವುದು ಎಲ್ಲಕ್ಕಿಂತ ಅಪಾಯಕಾರಿ ಅಭ್ಯಾಸ. ಅದರ ಕತ್ತು ಟ್ರೈಲರಿನ ಏಕಪ್ರಕಾರವಾದ ಎಳೆತಕ್ಕೆ ಮಾಡಿದ್ದೇ ಹೊರತು ಹಠಾತ್ ಜಗ್ಗುವಿಕೆಗಲ್ಲ. ಕತ್ತು ಮುರಿದರೆ ಗುಂಡು ಫಿರಂಗಿ ಗುಂಡೇ ಆಗುತ್ತದೆ. ಆಸ್ಟ್ರೇಲಿಯಾದಲ್ಲಿ ಇಂಥ ಅವಘಡಗಳಿಂದ ಸಾವುಗಳು ಸಂಭವಿಸಿವೆ. ಟ್ರೈಲರ್ ಗುಂಡಿಗಾಗಲಿ, ಸಾಗಣೆಯ ಬಳೆಗಾಗಲಿ ಎಳೆಪಟ್ಟಿಯನ್ನು ಸಿಕ್ಕಿಸಬಾರದೆಂಬ ಎಚ್ಚರಿಕೆಯನ್ನು ಮಾರಾಟವಾಗುವ ಪ್ರತಿ ಪಟ್ಟಿಯ ಜೊತೆಗೂ ಕೊಡಬೇಕೆಂದು ಆ ದೇಶದ ಗ್ರಾಹಕ ಕಾನೂನು ಕಡ್ಡಾಯಗೊಳಿಸಿದೆ.

ಬಲದ ಲೆಕ್ಕ

ಹೂತ ವಾಹನವನ್ನು ಹೊರತೆಗೆಯಲು ಎಷ್ಟು ಬಲ ಬೇಕು? ಸೇನಾ ವಾಹನಗಳನ್ನು ಎತ್ತುವವರು ದೀರ್ಘಕಾಲದಿಂದ ಬಳಸುತ್ತ ಬಂದಿರುವ ಅಂದಾಜೊಂದಿದೆ. ಚಕ್ರದ ಮಟ್ಟಕ್ಕೆ ಹೂತಿದ್ದರೆ ವಾಹನದ ತೂಕದಷ್ಟೇ ಬಲ, ಮಡ್‌ಗಾರ್ಡಿನ ಮಟ್ಟಕ್ಕೆ ಹೂತಿದ್ದರೆ ತೂಕದ ಎರಡರಷ್ಟು. ಮೇಲಿನ 3,000 ಕಿಲೋ ಪಿಕಪ್ಪಿಗೆ ಇದು ಕ್ರಮವಾಗಿ 3 ಮತ್ತು 6 ಟನ್. ನಾಲ್ಕಕ್ಕೆ ಒಂದರ ಏರು ಇದ್ದರೆ ಅದಕ್ಕೆ ಇನ್ನೂ ಸುಮಾರು 730 ಕಿಲೋ ಸೇರಿಸಬೇಕು. ಸರಕನ್ನು ಮೊದಲು ಇಳಿಸಿ, ಚಕ್ರದ ಮುಂದಿನ ಮಣ್ಣನ್ನು ಗುದ್ದಲಿಯಿಂದ ತೆಗೆದರೆ ಈ ಅಂಕಿಗಳು ಗಣನೀಯವಾಗಿ ಇಳಿಯುತ್ತವೆ. ಗುದ್ದಲಿಗಿಂತ ಅಗ್ಗದ ಸುರಕ್ಷತಾ ಸಾಧನ ಇನ್ನೊಂದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಇದು ನಿಧಾನವಾಗಿ ಎಳೆಯುವಾಗಿನ ಮಾತು. ಎಳೆಯುವ ವಾಹನ ಓಡಿಬಂದು ಜಗ್ಗಿಸುವಾಗ ಲೆಕ್ಕ ಬದಲಾಗುತ್ತದೆ. 2,500 ಕಿಲೋ ತೂಕದ ವಾಹನ ಗಂಟೆಗೆ 10 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 9,600 ಜೌಲ್. ವೇಗ 20 ಕಿ.ಮೀ.ಗೆ ಏರಿದರೆ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಈ ಶಕ್ತಿಯನ್ನು ಯಾವುದಾದರೂ ನುಂಗಿಕೊಳ್ಳಲೇಬೇಕು. ಹಿಗ್ಗುವ ಗುಣವಿರುವ ನೈಲಾನ್ ಪಟ್ಟಿ ಆ ಕೆಲಸವನ್ನು ಮಾಡುತ್ತದೆ. 8 ಟನ್‌ಗೆ ತುಂಡಾಗುವ, ತುಂಡಾಗುವ ಮುನ್ನ ಉದ್ದದ ಶೇಕಡ 20ರಷ್ಟು ಹಿಗ್ಗುವ, 9 ಮೀಟರ್ ಉದ್ದದ ಪಟ್ಟಿಯನ್ನು ತೆಗೆದುಕೊಂಡು ಲೆಕ್ಕ ಹಾಕಿದರೆ, ಹೂತ ವಾಹನ ಅಲುಗದೆ ನಿಂತ ಪಕ್ಷದಲ್ಲಿ 10 ಕಿ.ಮೀ. ವೇಗದಲ್ಲಿ ಕೊಂಡಿಯ ಮೇಲೆ ಬೀಳುವ ಗರಿಷ್ಠ ಬಲ ಸುಮಾರು 3 ಟನ್, 20 ಕಿ.ಮೀ. ವೇಗದಲ್ಲಿ ಸುಮಾರು 6 ಟನ್.

ಪಟ್ಟಿಯ ಬದಲು ಸರಪಳಿ ಇದ್ದರೆ? ಉಕ್ಕಿನ ಸರಪಳಿ ಹಿಗ್ಗುವುದು ಅತ್ಯಲ್ಪ. ಅದೇ 9,600 ಜೌಲ್ ಶಕ್ತಿ 5 ಸೆಂ.ಮೀ. ಅಂತರದಲ್ಲಿ ಖರ್ಚಾಗಬೇಕೆಂದರೆ ಸರಾಸರಿ ಬಲವೇ ಸುಮಾರು 20 ಟನ್ ಆಗುತ್ತದೆ. ಅಷ್ಟು ಬಲ ಹುಟ್ಟುವ ಮೊದಲೇ ಚಕ್ರ ಜಾರುತ್ತದೆ, ಚಾಸಿ ಬಾಗುತ್ತದೆ, ಇಲ್ಲವೇ ಏನಾದರೊಂದು ಮುರಿಯುತ್ತದೆ. ಸರಪಳಿಯಿಂದ ಎಳೆಯಲೇಬೇಕಾದ ಸಂದರ್ಭದಲ್ಲಿ ಮೊದಲು ಅದನ್ನು ಬಿಗಿಯಾಗಿಸಿಕೊಂಡು, ಬಳಿಕ ಟ್ರ್ಯಾಕ್ಟರಿನ ಕಡಮೆ ಗೇರಿನಲ್ಲಿ ನಿಧಾನವಾಗಿ ಎಳೆಯುವುದೊಂದೇ ದಾರಿ. ಸರಪಳಿಯನ್ನು ಸಡಿಲ ಬಿಟ್ಟು ಜಗ್ಗಿಸುವುದು ಸರ್ವಥಾ ಸಲ್ಲದು.

ಮುರಿದ ತುಂಡಿನ ಗತಿಯನ್ನೂ ಅಂಕಿಯಲ್ಲಿ ನೋಡಬಹುದು. ಪಟ್ಟಿಯಲ್ಲಿ ಕೂಡಿಟ್ಟ ಆ ಶಕ್ತಿಯಲ್ಲಿ ಹತ್ತನೆಯ ಒಂದು ಪಾಲು ಮಾತ್ರ 1 ಕಿಲೋ ತೂಕದ ಕಿತ್ತ ಕೊಕ್ಕೆಗೆ ಸಂದರೂ ಅದು ಗಂಟೆಗೆ ಸುಮಾರು 158 ಕಿ.ಮೀ. ವೇಗದಲ್ಲಿ ಹಾರುತ್ತದೆ. ಹಾರುವ ದಿಕ್ಕು ಎಳೆಯುವ ವಾಹನದ ಹಿಂಬದಿಯ ಗಾಜು, ಇಲ್ಲವೇ ನಡುವೆ ನಿಂತು 'ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ' ಎನ್ನುತ್ತಿರುವ ಕೆಲಸಗಾರ.

ಕಾರ್ಯಭಾರವೋ, ಮುರಿಯುವ ಭಾರವೋ?

ಅಂಗಡಿಯಲ್ಲಿ ಸಿಗುವ ಸಾಮಾನಿನ ಮೇಲೆ '5 ಟನ್', '8 ಟನ್' ಎಂದು ಬರೆದಿರುತ್ತದೆ. ಯಾವ 5 ಟನ್ ಎಂಬುದನ್ನು ಕೇಳುವವರು ವಿರಳ. ಎತ್ತುವ ಸಾಧನಗಳ ಕ್ಷೇತ್ರದಿಂದ ಬಂದ ಶ್ಯಾಕಲ್‌ಗಳ ಮೇಲೆ ಕೆತ್ತಿರುವುದು ಕಾರ್ಯಭಾರದ ಮಿತಿ, ಅಂದರೆ ನಿತ್ಯ ಬಳಕೆಯಲ್ಲಿ ಹೊರಿಸಬಹುದಾದ ಗರಿಷ್ಠ ಭಾರ. ಎಳೆಪಟ್ಟಿಗಳ ಮೇಲೆ ಅಚ್ಚು ಮಾಡಿರುವುದು ಸಾಮಾನ್ಯವಾಗಿ ಮುರಿಯುವ ಭಾರ. 19 ಮಿ.ಮೀ. ದಪ್ಪದ ಬಿಲ್ಲಿನಾಕಾರದ ಶ್ಯಾಕಲ್ಲಿನ ಕಾರ್ಯಭಾರ 4.75 ಟನ್; ಒಳ್ಳೆಯ ತಯಾರಕರು ಸಾಮಾನ್ಯವಾಗಿ ಇಟ್ಟುಕೊಳ್ಳುವ 6ರ ಸುರಕ್ಷತಾ ಗುಣಕದ ಪ್ರಕಾರ ಅದು ಮುರಿಯುವುದು 28.5 ಟನ್ ಹತ್ತಿರ. ಇದನ್ನರಿಯದವರು 4.75 ಟನ್ನಿನ ಶ್ಯಾಕಲ್ಲು 8 ಟನ್ನಿನ ಪಟ್ಟಿಗಿಂತ ದುರ್ಬಲವೆಂದು ಭಾವಿಸುತ್ತಾರೆ. ಒಬ್ಬನ ಒಟ್ಟು ಮಾರಾಟವನ್ನು ಇನ್ನೊಬ್ಬನ ನಿವ್ವಳ ಲಾಭದೊಡನೆ ಹೋಲಿಸಿದಂತೆ ಇದು.

ಪಟ್ಟಿಯ ಮುರಿಯುವ ಭಾರ ವಾಹನದ ಒಟ್ಟು ತೂಕದ 2ರಿಂದ 3ರಷ್ಟು ಇರಬೇಕು, ಅದೂ ಎರಡು ವಾಹನಗಳಲ್ಲಿ ಹಗುರವಾದದ್ದರ ತೂಕಕ್ಕೆ ಹೊಂದಬೇಕು ಎಂಬ ಆಸ್ಟ್ರೇಲಿಯಾದ ಶಿಫಾರಸು ನಮ್ಮವರಿಗೂ ಉಪಯುಕ್ತ. ಎರಡು ತುದಿಯ ಕೊಂಡಿಗಳೂ ಶ್ಯಾಕಲ್ಲುಗಳೂ ಪಟ್ಟಿಗಿಂತ ಬಲವಾಗಿರಬೇಕು. ಏನಾದರೂ ತುಂಡಾಗಲೇಬೇಕಿದ್ದರೆ ಉಕ್ಕಲ್ಲ, ಬಟ್ಟೆ ತುಂಡಾಗಲಿ. ಯಾವ ಗುರುತೂ ಇಲ್ಲದ ಶ್ಯಾಕಲ್ಲನ್ನು ಬಂಡಿಗೆ ಹಾಕಿಕೊಳ್ಳಬಾರದು, ಮಾರಲೂ ಬಾರದು. ಶ್ಯಾಕಲ್ಲನ್ನು ಅಡ್ಡ ದಿಕ್ಕಿನಲ್ಲಿ ಎಳೆದರೆ ಅದರ ಸಾಮರ್ಥ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದೂ ನೆನಪಿರಲಿ.

ಚಾಸಿಗೆ ಬಿಗಿಯುವ ಕ್ರಮ

ಎಳೆಕೊಂಡಿ ಎಷ್ಟು ದಪ್ಪವಾಗಿದ್ದರೂ ಅದನ್ನು ಹಿಡಿದಿರುವುದು ಬೋಲ್ಟು. ಬೋಲ್ಟಿನ ತಲೆಯ ಮೇಲಿನ 8.8, 10.9 ಎಂಬ ಅಂಕಿಗಳನ್ನು ಐಎಸ್ 1367 ಮಾನಕ ವಿವರಿಸುತ್ತದೆ. 8.8ರಲ್ಲಿ ಮೊದಲ 8 ಎಂದರೆ ಒಂದು ಚದರ ಮಿ.ಮೀ.ಗೆ 800 ನ್ಯೂಟನ್ ಎಳೆತದ ಬಲ. ಚುಕ್ಕೆಯ ನಂತರದ 8 ಎಂದರೆ ಆ ಬಲದ ಶೇಕಡ 80ರಲ್ಲಿ ಬೋಲ್ಟು ಶಾಶ್ವತವಾಗಿ ಹಿಗ್ಗತೊಡಗುತ್ತದೆ. 12 ಮಿ.ಮೀ. ಬೋಲ್ಟಿನ ಮರೆಯ ಭಾಗದಲ್ಲಿ ಲೆಕ್ಕಕ್ಕೆ ಸಿಗುವ ವಿಸ್ತೀರ್ಣ 84.3 ಚದರ ಮಿ.ಮೀ. ಹೀಗಾಗಿ 8.8ರ ಒಂದು ಬೋಲ್ಟು ನೇರ ಎಳೆತದಲ್ಲಿ ಸುಮಾರು 6.9 ಟನ್‌ಗೆ, ಅಡ್ಡ ಕತ್ತರಿಯಲ್ಲಿ ಅದರ ಶೇಕಡ 60, ಅಂದರೆ ಸುಮಾರು 4.1 ಟನ್‌ಗೆ ತುಂಡಾಗುತ್ತದೆ. ಅಂಕಿಯೇ ಇಲ್ಲದ ಬೋಲ್ಟಿಗೆ ಈ ಯಾವ ಲೆಕ್ಕವೂ ಅನ್ವಯಿಸದು.

ಎರಡು ಬೋಲ್ಟು ಹಾಕಿದರೆ 8.2 ಟನ್ ಆಯಿತಲ್ಲ, 5 ಟನ್ನಿನ ಕೆಲಸಕ್ಕೆ ಸಾಕಲ್ಲವೇ ಎಂದು ಎಷ್ಟೋ ವರ್ಕ್‌ಶಾಪಿನವರು ವಾದಿಸುತ್ತಾರೆ. ತಪ್ಪುವುದು ಇಲ್ಲಿಯೇ. ಚಾಸಿಯ ಅಡಿಗೆ ಪ್ಲೇಟನ್ನು ಬಿಗಿದು, ಅದರಿಂದ 75 ಮಿ.ಮೀ. ಕೆಳಗೆ ಕೊಂಡಿಯ ಕಣ್ಣನ್ನು ಇಳಿಬಿಟ್ಟಿದ್ದಾರೆ ಎನ್ನೋಣ. ಕಣ್ಣನ್ನು ಮುಂದಕ್ಕೆ ಎಳೆದಾಗ ಇಡೀ ಪ್ಲೇಟು ತನ್ನ ಮುಂದಿನ ಅಂಚನ್ನು ಆಧಾರವಾಗಿಟ್ಟುಕೊಂಡು ಸನಿಕೆಯಂತೆ ಹಿಂಬದಿಯ ಬೋಲ್ಟನ್ನು ಕೀಳಲು ನೋಡುತ್ತದೆ. ಆ ಅಂಚಿನಿಂದ ಹಿಂದಿನ ಬೋಲ್ಟಿಗೆ 100 ಮಿ.ಮೀ. ಅಂತರವಿದ್ದರೆ, 5 ಟನ್ ಎಳೆತಕ್ಕೆ ಆ ಬೋಲ್ಟಿನ ಮೇಲೆ 2.5 ಟನ್ ಕತ್ತರಿ ಬಲದ ಜೊತೆಗೆ 3.75 ಟನ್ ಕೀಳುವ ಬಲವೂ ಬೀಳುತ್ತದೆ. ಎರಡನ್ನೂ ಒಟ್ಟಾಗಿ ಹೊರುವ ಬೋಲ್ಟು 6 ಟನ್ ಎಳೆತವನ್ನು ತುಸು ಮೀರಿದೊಡನೆ ತುಂಡಾಗುವ ಸ್ಥಿತಿಗೆ ಬರುತ್ತದೆ. 20 ಕಿ.ಮೀ. ವೇಗದ ಒಂದು ಜಗ್ಗಿಗೆ 6 ಟನ್ ಬಂದಿತ್ತೆಂಬುದನ್ನು ಓದುಗರು ಗಮನಿಸಬಹುದು. ಕಾಗದದ ಮೇಲೆ 8.2 ಟನ್ ಇದ್ದ ಜೋಡಣೆಯಲ್ಲಿ ಉಳಿತಾಯವೇ ಇಲ್ಲವಾಯಿತು.

ಪರಿಹಾರ ಕಷ್ಟದ್ದೇನಲ್ಲ. ಕಣ್ಣು ಚಾಸಿಯ ರೇಖೆಗೆ ಎಷ್ಟು ಸಮೀಪವಿದ್ದರೆ ಅಷ್ಟು ಒಳ್ಳೆಯದು. ಅಡಿಯ ಪ್ಲೇಟಿನ ಜೊತೆಗೆ ಚಾಸಿಯ ಪಕ್ಕದ ಗೋಡೆಗೂ ತಾಗುವ ಎಲ್ ಆಕಾರದ ಪ್ಲೇಟು ಮಾಡಿ, ಎರಡೂ ಮುಖಗಳಲ್ಲಿ ಸೇರಿ ನಾಲ್ಕು ಬೋಲ್ಟು ಬಿಗಿದರೆ ಕೀಳುವ ಬಲ ಹಂಚಿಹೋಗುತ್ತದೆ. ಸಾಧ್ಯವಾದಷ್ಟೂ ತಯಾರಕರೇ ಬಿಟ್ಟಿರುವ ರಂಧ್ರಗಳನ್ನು ಬಳಸಬೇಕು. ಪೆಟ್ಟಿಗೆಯಾಕಾರದ ಚಾಸಿಯನ್ನು ಅಡ್ಡಲಾಗಿ ತೂರಿ ಬೋಲ್ಟು ಹಾಕುವುದಾದರೆ ಒಳಗೆ ದಪ್ಪ ಕೊಳವೆಯ ತುಂಡನ್ನು ಕೂರಿಸಲೇಬೇಕು. ಇಲ್ಲದಿದ್ದರೆ ಬಿಗಿಯುತ್ತ ಹೋದಂತೆ ಚಾಸಿಯ ಗೋಡೆ ಒಳಕ್ಕೆ ಕುಸಿಯುತ್ತದೆ, ಬಿಗಿ ನಿಲ್ಲುವುದಿಲ್ಲ. ಬಿಗಿಯುವುದು ಟಾರ್ಕ್ ರೆಂಚಿನಿಂದ, ಅಂದಾಜಿನಿಂದಲ್ಲ. ಹೆಚ್ಚಿನ ಅಂಕಿಯ ಬೋಲ್ಟು ಯಾವಾಗಲೂ ಉತ್ತಮವೆಂಬ ಭ್ರಮೆಯೂ ಬೇಡ. 12.9ರಂಥ ಗಡಸು ಬೋಲ್ಟಿಗೆ ಸ್ಥಳೀಯವಾಗಿ ಸತುವಿನ ಎಲೆಕ್ಟ್ರೋಪ್ಲೇಟಿಂಗ್ ಮಾಡಿಸಿದರೆ ಜಲಜನಕ ಒಳಸೇರಿ ಅದು ಮುನ್ಸೂಚನೆಯಿಲ್ಲದೆ ಸಿಡಿಯುವ ಸಂಭವವಿದೆ.

ವೆಲ್ಡಿಂಗ್ ಬಗ್ಗೆ ಕಟ್ಟುನಿಟ್ಟಾಗಿಯೇ ಹೇಳಬೇಕಾಗಿದೆ. ಅಧಿಕ ಬಲದ ಉಕ್ಕಿನ ಚಾಸಿಗೆ ಕೊಕ್ಕೆಯನ್ನು ನೇರವಾಗಿ ಬೆಸೆದರೆ ಬೆಸುಗೆಯ ಅಕ್ಕಪಕ್ಕದ ಲೋಹದ ಗುಣ ಕೆಡುತ್ತದೆ. ಬಿರುಕು ಅಲ್ಲಿಂದಲೇ ಆರಂಭ. ಕಾಯಿಸಿ ತಣಿಸಿ ಗಡಸು ಮಾಡಿದ ಫೋರ್ಜಿಂಗ್ ಕೊಕ್ಕೆಯನ್ನು ಬೆಸೆದರೆ ಆ ಗಡಸುತನಕ್ಕಾಗಿ ತೆತ್ತ ಹಣವೂ ವ್ಯರ್ಥ. ಬ್ಯಾಟರಿಯ ತಂತಿ ಬಿಚ್ಚದೆ ಬೆಸೆದು ಎಂಜಿನ್ ಕಂಟ್ರೋಲ್ ಘಟಕವನ್ನು ಸುಟ್ಟುಕೊಂಡವರೂ ಉಂಟು.

ಒಂದೇ ಕೊಂಡಿಗಿಂತ ಎರಡು ಮೇಲು. ಎಡಬಲದ ಚಾಸಿಗೆ ಒಂದೊಂದು ಹಾಕಿ, ನಡುವೆ ಕವಲು ಪಟ್ಟಿಯಿಂದ ಎಳೆದರೆ ಬಲ ಹಂಚಿಕೆಯಾಗುತ್ತದೆ. ಆದರೆ ಕವಲಿನ ಕೋನವನ್ನು ಮರೆಯಬಾರದು. ಎರಡು ಕವಲುಗಳ ನಡುವಿನ ಕೋನ 60 ಡಿಗ್ರಿ ಇದ್ದರೆ ಪ್ರತಿ ಕವಲಿನ ಮೇಲೆ ಒಟ್ಟು ಬಲದ ಶೇಕಡ 58, 90 ಡಿಗ್ರಿಗೆ ಶೇಕಡ 71, 120 ಡಿಗ್ರಿಗೆ ಪೂರ್ತಿ ಶೇಕಡ 100. ಗಿಡ್ಡ ಕವಲು ಪಟ್ಟಿ ಕೊಂಡು ಹಣ ಉಳಿಸಿದವರು ಎರಡು ಕೊಂಡಿಗಳಿದ್ದೂ ಒಂದರ ಪ್ರಯೋಜನವನ್ನಷ್ಟೇ ಪಡೆಯುತ್ತಾರೆ. ಸಾಲದ್ದಕ್ಕೆ ಚಾಸಿಯ ಎರಡು ಬಾಹುಗಳನ್ನೂ ಒಳಕ್ಕೆ ಹಿಂಡುತ್ತಾರೆ.

ಕಾನೂನಿನ ಎಲ್ಲೆ

ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಕೇರಳದ ಪ್ರಕರಣವೊಂದರಲ್ಲಿ ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ, ಬಿಡಿಭಾಗ ಜೋಡಿಸುವುದೂ ಸೇರಿ ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಇದಕ್ಕೂ ಮೊದಲು, 2017ರ ಡಿಸೆಂಬರ್‌ನಲ್ಲಿ, ಬಂಪರಿನ ಮುಂದೆ ಹಾಕುವ ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿತ್ತು.

ಇದರಿಂದ ಹೊರಡುವ ವ್ಯಾವಹಾರಿಕ ತೀರ್ಮಾನವೇನು? ತಯಾರಕರೇ ತಮ್ಮ ಬಿಡಿಭಾಗದ ಪಟ್ಟಿಯಲ್ಲಿ ಎಳೆಕೊಂಡಿ ಕೊಡುತ್ತಿದ್ದರೆ ಮೊದಲ ಆಯ್ಕೆ ಅದು. ಹೊರಗಿನದಾದರೆ ಚಾಸಿಯನ್ನು ಕೊರೆಯದೆ, ಇರುವ ರಂಧ್ರಗಳಿಗೆ ಬೋಲ್ಟಿನಿಂದ ಬಿಗಿಯುವ, ಬಂಪರಿನಿಂದ ಮುಂದೆ ಚಾಚದ, ಬೇಕಾದಾಗ ಬಿಚ್ಚಬಹುದಾದ ಮಾದರಿ ಕಡಮೆ ಅಪಾಯದ್ದು. ಮುಂದೆ ಚಾಚಿದ ಉಕ್ಕು ಪಾದಚಾರಿಗೂ ಮಾರಕ, ಗಾಳಿಚೀಲದ ಸಂವೇದಕಕ್ಕೂ ಅಡ್ಡಿ. ಪ್ರಾದೇಶಿಕ ಸಾರಿಗೆ ಕಚೇರಿಯಿಂದಲೂ ವಿಮಾ ಕಂಪನಿಯಿಂದಲೂ ಬರಹದಲ್ಲಿ ಅಭಿಪ್ರಾಯ ಪಡೆದಿಟ್ಟುಕೊಳ್ಳುವುದು ಹಿತ. ತಿಳಿಸದೆ ಮಾಡಿದ ಮಾರ್ಪಾಟು ಕ್ಲೇಮಿನ ಸಮಯದಲ್ಲಿ ತಕರಾರಿಗೆ ದಾರಿಯಾಗುತ್ತದೆ. ಎಳೆಯುವ ಕೆಲಸದಲ್ಲಿ ಗಾಯಗೊಂಡ ಚಾಲಕ ಅಥವಾ ಕ್ಲೀನರಿಗೆ ಪರಿಹಾರ ಕೊಡುವ ಹೊಣೆ ಮಾಲೀಕನದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಲೆಕ್ಕಪತ್ರದಲ್ಲಿ ವಿಷಯ ಸರಳ. ಹೊಸದಾಗಿ ಜೋಡಿಸಿದ ಎಳೆಕೊಂಡಿ ವಾಹನದ ಉಪಯುಕ್ತತೆಯನ್ನು ಹೆಚ್ಚಿಸುವುದರಿಂದ, ಮೊತ್ತ ಗಣನೀಯವಾಗಿದ್ದರೆ ಅದನ್ನು ವಾಹನದ ಬೆಲೆಗೆ ಸೇರಿಸಿ ಸವಕಳಿ ಕಳೆಯಬೇಕು. ಸವೆದ ಬೋಲ್ಟು, ಹಳೆಯ ಪಟ್ಟಿ ಬದಲಿಸಿದ್ದು ದುರಸ್ತಿ ವೆಚ್ಚ. ವಾಹನ ಬಿಡಿಭಾಗಗಳ ಮೇಲೆ ಶೇಕಡ 28ರವರೆಗೂ ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡ 18ಕ್ಕೆ ಇಳಿದಿದೆ. ಬಿಲ್ಲಿಲ್ಲದೆ ಕೊಂಡರೆ ತೆರಿಗೆ ಜಮೆ ಕಳೆದುಕೊಳ್ಳುವುದಷ್ಟೇ ಅಲ್ಲ, ಕೊಂಡಿ ಮುರಿದ ದಿನ ಯಾರಿಂದ ಕೊಂಡದ್ದೆಂದು ತೋರಿಸುವ ಸಾಕ್ಷ್ಯವನ್ನೂ ಕಳೆದುಕೊಂಡಂತೆ.

ತಯಾರಕರ ಗಮನಕ್ಕೆ

ಪೀಣ್ಯದ ಯಂತ್ರಾಗಾರಗಳಿಗಾಗಲಿ, ಬೆಳಗಾವಿಯ ಎರಕದ ಕಾರ್ಖಾನೆಗಳಿಗಾಗಲಿ ಇಂಥ ಕೊಂಡಿಯನ್ನು ತಯಾರಿಸುವುದು ಕಷ್ಟವಲ್ಲ. ಆ ಸುಲಭವೇ ಅಪಾಯಕ್ಕೆ ಕಾರಣ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಆರನೆಯ ಅಧ್ಯಾಯ ಉತ್ಪನ್ನದ ಹೊಣೆಯನ್ನು ತಯಾರಕ, ಮಾರಾಟಗಾರ, ಸೇವೆ ಒದಗಿಸುವವ ಈ ಮೂವರ ಮೇಲೂ ಹೊರಿಸುತ್ತದೆ. ತಯಾರಿಕೆಯ ಅಥವಾ ವಿನ್ಯಾಸದ ದೋಷ ಮಾತ್ರವಲ್ಲ, ಸರಿಯಾದ ಬಳಕೆಯ ಸೂಚನೆಯನ್ನೂ ಎಚ್ಚರಿಕೆಯನ್ನೂ ಕೊಡದಿರುವುದು ಕೂಡ ತಯಾರಕನ ಹೊಣೆಗೆ ಆಧಾರವಾಗಬಲ್ಲದು. 'ಗಿರಾಕಿ ಕೇಳಿದಂತೆ ಮಾಡಿಕೊಟ್ಟೆವು' ಎಂಬ ಉತ್ತರ ಅಲ್ಲಿ ಹೆಚ್ಚು ದೂರ ಹೋಗುವುದಿಲ್ಲ.

ಆದ್ದರಿಂದ ಉಕ್ಕಿನ ಟೆಸ್ಟ್ ಸರ್ಟಿಫಿಕೇಟನ್ನು ಕೇಳಿ ಪಡೆದು ಕಡತದಲ್ಲಿಡಬೇಕು. ಗ್ಯಾಸಿನಿಂದ ಕತ್ತರಿಸಿದ ಅಂಚುಗಳನ್ನು ಉಜ್ಜಿ ನುಣುಪು ಮಾಡಬೇಕು. ಪಟ್ಟಿಯನ್ನು ಕೊಯ್ಯುವುದೂ ಬಿರುಕಿಗೆ ಜಾಗ ಕೊಡುವುದೂ ಆ ಒರಟು ಅಂಚೇ. ಶ್ಯಾಕಲ್ಲಿನ ಪಿನ್ನು ಕೂರುವ ರಂಧ್ರದಿಂದ ಪ್ಲೇಟಿನ ಅಂಚಿಗೆ ಕನಿಷ್ಠ ಆ ರಂಧ್ರದ ವ್ಯಾಸದಷ್ಟಾದರೂ ಲೋಹ ಉಳಿದಿರಬೇಕು. ಬಾಯಿ ತೆರೆದ ಕೊಕ್ಕೆಗಿಂತ ಮುಚ್ಚಿದ ಕಣ್ಣು ಉತ್ತಮ, ಪಟ್ಟಿ ಸಡಿಲವಾದಾಗ ಜಾರಿ ಬೀಳುವ ಭಯವಿಲ್ಲ. ಪ್ರತಿ ಕಂತಿನಿಂದ ಒಂದೆರಡನ್ನು ಎಳೆತದ ಯಂತ್ರದಲ್ಲಿ, ವಾಹನಕ್ಕೆ ಬಿಗಿಯುವ ರೀತಿಯಲ್ಲಿಯೇ ಅದೇ ಬೋಲ್ಟುಗಳಿಂದ ಬಿಗಿದು, ಮುರಿಯುವವರೆಗೆ ಪರೀಕ್ಷಿಸಬೇಕು. ಕಣ್ಣನ್ನು ಮಾತ್ರ ಹಿಡಿದು ಎಳೆದ ಪರೀಕ್ಷೆಯಿಂದ ಪ್ಲೇಟಿನ ಸನಿಕೆಯ ಬಲ ಗೊತ್ತಾಗುವುದಿಲ್ಲ. ಆಮೇಲೆ ಕೊಂಡಿಯ ಮೇಲೆ ಕಾರ್ಯಭಾರದ ಮಿತಿ, ಕಂತಿನ ಸಂಖ್ಯೆ, ಹೊಂದುವ ವಾಹನದ ಮಾದರಿ ಇಷ್ಟನ್ನು ಬಣ್ಣದಲ್ಲಿ ಬರೆಯದೆ ಕೆತ್ತಬೇಕು.

ಪೆಟ್ಟಿಗೆಯೊಳಗೆ ಕನ್ನಡದಲ್ಲಿ ಒಂದು ಹಾಳೆ ಇರಲಿ. ಎಳೆಯುವಾಗ ಎರಡು ವಾಹನಗಳ ಚಾಲಕರನ್ನು ಬಿಟ್ಟು ಉಳಿದವರೆಲ್ಲ ಪಟ್ಟಿಯ ಉದ್ದದ ಒಂದೂವರೆ ಪಟ್ಟು ದೂರ ನಿಲ್ಲಬೇಕು, ಪಟ್ಟಿಯ ನಡುವೆ ಒದ್ದೆ ಗೋಣಿಚೀಲ ಅಥವಾ ಭಾರದ ಕಂಬಳಿ ಹಾಕಬೇಕು, ಎರಡು ಪಟ್ಟಿಗಳನ್ನು ಉಕ್ಕಿನ ಶ್ಯಾಕಲ್ಲಿನಿಂದ ಜೋಡಿಸಬಾರದು, ಪ್ರತಿ ಎಳೆತದ ನಂತರ ಬೋಲ್ಟುಗಳ ಬಿಗಿಯನ್ನೂ ರಂಧ್ರದ ಸುತ್ತಲಿನ ಬಣ್ಣ ಬಿರಿದಿದೆಯೇ ಎಂಬುದನ್ನೂ ನೋಡಬೇಕು ಎಂಬ ನಾಲ್ಕು ಮಾತುಗಳಿಗೆ ಅರ್ಧ ಪುಟ ಸಾಕು. ಬಣ್ಣ ಗೆರೆಯಾಗಿ ಬಿರಿದಿದ್ದರೆ ಲೋಹ ಅಲುಗಿದೆ ಎಂದರ್ಥ. ಅಂಥ ಕೊಂಡಿಯನ್ನು ಮತ್ತೆ ಬಿಗಿಯದೆ ಬಿಚ್ಚಿ ಗುಜರಿಗೆ ಹಾಕಬೇಕು.